ಮೊಗಲಾಯಿ ದೊಡ್ಡವ್ವ

ಡಾಂಬರು ಗುಳಿಗೆಯ ವಾಸನೆ ನಿಮಗೂ ಗೊತ್ತಿರಬೇಕು. ಟ್ರಂಕಿನ ಮುಚ್ಚಳ ಎತ್ತಿದರೆ ಸಾಕು, ಮದುವೆಯ ಸೀರೆಗೂ ಅದೇ ವಾಸನೆ, ಸರ್ಕಾರಿ ಆದೇಶಕ್ಕೂ ಅದೇ ವಾಸನೆ. ಮೊನ್ನೆ ಬೆಳಿಗ್ಗೆ ನಾನು ಆ ಟ್ರಂಕು ತೆಗೆದದ್ದು ನನ್ನ ವಿಳಾಸ ಹುಡುಕಲು. ನಗಬೇಡಿ. ಹರಪನಹಳ್ಳಿಯ ಇದೇ ಮನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಇದ್ದೇನೆ, ಮನೆ ಎಲ್ಲಿದೆ ಎಂಬುದು ನನಗೆ ಗೊತ್ತು. ಬ್ಯಾಂಕಿನವರಿಗೆ ಗೊತ್ತಾಗಬೇಕಲ್ಲ. ಪಿಂಚಣಿಯ ಕೆಲಸಕ್ಕೆ ಹೋದಾಗ ಅಲ್ಲಿಯ ಹುಡುಗ ನನ್ನ ಕಾಗದಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಮೇಜಿನ ಮೇಲೆ ಹರಡಿಕೊಂಡು, “ಸರ್, ಒಂದೊಂದ್ರಾಗ ಒಂದೊಂದು ಜಿಲ್ಲೆ ಐತಲ್ಲ ಸರ್. ಇವರೆಲ್ಲ ನೀವೇನಾ?” ಎಂದು ಕೇಳಿದ್ದ.

ಎಲ್ಲರೂ ನಾನೇ. ಮನೆಗೆ ಪಾಯ ತೆಗೆದಾಗ ಈ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು. ಹೊಸ್ತಿಲು ಕೂರಿಸುವಷ್ಟರಲ್ಲಿ ದಾವಣಗೆರೆಗೆ ಸೇರಿತು. ಇಪ್ಪತ್ತು ವರ್ಷ ಕಳೆದು, ದಾವಣಗೆರೆ ಎನ್ನುವುದು ನಾಲಗೆಗೆ ಒಗ್ಗಿದ ಮೇಲೆ ಮತ್ತೆ ಬಳ್ಳಾರಿಗೆ ಬಂತು. ಸರಿ, ಹಳೆಯ ಮನೆಗೇ ಬಂದೆವು ಎಂದುಕೊಳ್ಳುವಾಗ ವಿಜಯನಗರ ಜಿಲ್ಲೆಯಾಯಿತು. ನಾನಂತೂ ಕೂತ ಕುರ್ಚಿ ಬಿಟ್ಟು ಒಂದು ಗೇಣು ಸರಿದವನಲ್ಲ.

ಇಂಥ ಕಾಗದಪತ್ರದ ಕೆಲಸವೆಲ್ಲ ಹೆಂಡತಿಯದಾಗಿತ್ತು. ಅವಳು ಹೋಗಿ ಮೂರು ವರ್ಷವಾಯಿತು. ಈಗ ಟ್ರಂಕಿನಲ್ಲಿ ಏನು ಎಲ್ಲಿದೆ ಎಂದು ಕೇಳಿದರೆ ಉತ್ತರ ಹೇಳುವವರು ಯಾರೂ ಇಲ್ಲ. ಒಂದೊಂದೇ ಕವರು ಬಿಚ್ಚುತ್ತ ಹೋದೆ. ತಳದಲ್ಲಿ, ನನ್ನ ಮೊದಲ ವರ್ಗಾವಣೆಯ ಆದೇಶದ ಮಡಿಕೆಯೊಳಗೆ, ಪ್ಲಾಸ್ಟಿಕ್ ಹೊದಿಸಿದ ಒಂದು ಹಳೆಯ ಮತದಾರರ ಕಾರ್ಡು ಸಿಕ್ಕಿತು. ಫೋಟೋದಲ್ಲಿ ಸೆರಗು ಹೊದ್ದ ಒಬ್ಬ ಮುದುಕಿ, ಉಸಿರು ಬಿಗಿಹಿಡಿದು ಕೂತಿದ್ದಾಳೆ. ಹೆಸರು: ಮೊಗಲಾಯಮ್ಮ. ಊರು: ಮಾಗಳ. ಕಾರ್ಡು ನೋಡಿದ ಮೇಲೆ ಆ ಹೊತ್ತು ನನ್ನ ವಿಳಾಸ ಹುಡುಕುವುದು ನನ್ನಿಂದಾಗಲಿಲ್ಲ.

ಮಾಗಳ ನಮ್ಮೂರು, ಹಡಗಲಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗಿದೆ. ಮುದುಕಿ ನನ್ನ ದೊಡ್ಡವ್ವ, ನಮ್ಮಪ್ಪನ ಅಣ್ಣನ ಹೆಂಡತಿ. ನಮ್ಮ ಕಡೆ ಸೊಸೆಯಂದಿರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ತವರೂರು ಹಿಡಿದು ಕರೆಯುತ್ತಾರೆ. ನಮ್ಮವ್ವ ತೆಲಿಗಿಯಾಕಿ. ಚಿಕ್ಕವ್ವ ಬಾಗಳಿಯಾಕಿ. “ತೆಲಿಗಿಯಾಕಿ, ಹಿಟ್ಟು ನಾದು. ಬಾಗಳಿಯಾಕಿ, ಒಲಿ ನೋಡು” ಎಂದು ಅಜ್ಜಿ ಕೂತಲ್ಲಿಂದಲೇ ಕೂಗುತ್ತಿದ್ದರೆ ಹರಪನಹಳ್ಳಿ ತಾಲೂಕಿನ ಅರ್ಧ ನಕ್ಷೆ ನಮ್ಮ ಅಡುಗೆಮನೆಯಲ್ಲಿ ಓಡಾಡುತ್ತಿತ್ತು. ದೊಡ್ಡವ್ವನೊಬ್ಬಳಿಗೆ ಮಾತ್ರ ಊರಿನ ಹೆಸರಲ್ಲ, ಒಂದು ದೇಶದ ಹೆಸರೇ ಬಿದ್ದಿತ್ತು.

ಅವಳು ಲಗ್ನವಾಗಿ ಬಂದ ಕಾಲಕ್ಕೆ ಹೊಳೆಯ ಈಚೆಗಿನ ನಾವು ಮದ್ರಾಸ್ ಪ್ರಾಂತದವರು. ಎದುರು ದಂಡೆಯವರು ಮುಂಬೈಯವರು. ಅದೇ ದಂಡೆ ಹಿಡಿದು ಕೆಳಗೆ ಕೊಪ್ಪಳದ ಕಡೆ ನಡೆದರೆ ನಿಜಾಮನ ರಾಜ್ಯ. ಎಲ್ಲ ಕಡೆಯೂ ಮಾತು ಕನ್ನಡವೇ, ರೊಟ್ಟಿ ಜೋಳದ್ದೇ. ಆದರೂ ನಿಜಾಮನ ರಾಜ್ಯವೆಂದರೆ ನಮ್ಮ ಹಿರಿಯರಿಗೆ ಮೊಗಲಾಯಿ, ಅಂದರೆ ಪರದೇಶ. ಮೊಗಲರು ಅಲ್ಲಿಂದ ಹೋಗಿ ಎಷ್ಟು ತಲೆಮಾರಾಗಿತ್ತೋ, ಹೆಸರು ಮಾತ್ರ ಹೋಗಿರಲಿಲ್ಲ. ದೊಡ್ಡವ್ವನ ಹಳ್ಳಿ ಆ ಮೊಗಲಾಯಿಯೊಳಗಿನದು, ಹಾಗಾಗಿ ಅವಳು ಮೊಗಲಾಯಿಯಾಕಿ. ಹದಿನಾಲ್ಕರ ಮದುಮಗಳು ಹೊಳೆ ದಾಟುವಾಗ ಗಡಿಯ ನಾಕಾದ ಜವಾನರು ಅವಳ ಗಂಟು ಬಿಚ್ಚಿಸಿ ನೋಡಿದ್ದರಂತೆ. ಎರಡು ಸೀರೆ, ಒಂದು ಕೌದಿ, ಅವ್ವ ಕಟ್ಟಿಕೊಟ್ಟ ಗುರೆಳ್ಳು ಪುಡಿ. “ಪುಡಿ ಮೂಸಿ ನೋಡಿ ಸೀನಿದ್ರು. ಆ ಮ್ಯಾಲ ಹೋಗು ಅಂದ್ರು” ಎಂದು ದೊಡ್ಡವ್ವ ಹೇಳುವಾಗ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಮೇಲೆ ನಿಜಾಮನ ಆಳ್ವಿಕೆ ಮುಗಿಯಿತು, ಮುಂದೆ ಅವನ ರಾಜ್ಯವೂ ಹಂಚಿಹೋಯಿತು. ಆ ಗದ್ದಲದ ಕಾಲದಲ್ಲಿ ಅವಳ ತವರೂ ಚೆದುರಿತು. ಇದ್ದೊಬ್ಬ ಅಣ್ಣ ಒಂದಷ್ಟು ತಿಂಗಳು ನಮ್ಮ ಮನೆಯಲ್ಲಿ ಇದ್ದು ತಿರುಗಿ ಹೋದವನು ಮತ್ತೆ ಬರಲಿಲ್ಲ. ನಕ್ಷೆಯಲ್ಲಿ ಇಲ್ಲದ, ಸರ್ಕಾರದ ಯಾವ ಕಡತದಲ್ಲೂ ಇಲ್ಲದ ಆ ದೇಶ ಮಾಗಳದ ನಮ್ಮ ಮನೆಯಲ್ಲಿ ಮಾತ್ರ ಉಳಿದಿತ್ತು. ಅದು ದಿನಾ ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಿತ್ತು.

ನಾನು ಮಾಗಳದ ಶಾಲೆಯಲ್ಲೇ ಮೇಷ್ಟ್ರಾದೆ. ಮೇಷ್ಟ್ರಿಗೆ ಕಲಿಸುವ ಚಟ, ಮನೆಯವರನ್ನೂ ಬಿಡುವುದಿಲ್ಲ. ಒಂದು ಸಂಜೆ ದೊಡ್ಡವ್ವ ಅವರೆಕಾಯಿ ಸುಲಿಯುತ್ತ, “ತಮ್ಮಾ, ರೇಡಿಯೋದಾಗ ಒಮ್ಮಿ ಇಂಡಿಯಾ ಅಂತಾರ, ಒಮ್ಮಿ ಭಾರತ ಅಂತಾರ. ಅವೆರಡೂ ಬ್ಯಾರೆ ಏನು?” ಎಂದು ಕೇಳಿದಳು.

“ಎರಡೂ ಒಂದ ದೊಡ್ಡವ್ವ.”

“ಮತ್ತ ಹಿಂದೂಸ್ತಾನ?”

“ಅದೂ ಇದ.”

“ನಾ ಮದ್ರಾಸಿನ್ಯಾಗಿದ್ದೆ, ಮದ್ರಾಸ್ ನೋಡ್ಲಿಲ್ಲ. ಮೈಸೂರಿಗೆ ಸೇರಿಸಿದ್ರು, ಮೈಸೂರೂ ನೋಡ್ಲಿಲ್ಲ. ಈಗ ಕರ್ನಾಟಕ ಅಂತಾರ.” ಅವಳು ಕಾಳನ್ನು ಮೊರಕ್ಕೆ ಹಾಕಿದಳು. “ಒಂದಕ್ಕ ಮೂರು ಹೆಸರಾ? ಪುಣ್ಯವಂತಿ ಬಿಡು ನಿಮ್ಮ ಭಾರತಮಾತಿ.”

ನಾನು ಅದನ್ನು ತಮಾಷೆ ಎಂದು ತಿಳಿದು ಮರುದಿನ ಶಾಲೆಯಲ್ಲಿ ಹೇಳಿ ನಗಿಸಿದೆ. ಮೇಷ್ಟ್ರಿಗೆ ಬುದ್ಧಿ ಮೊಣಕಾಲಿನಲ್ಲಿ ಎಂದು ನಮ್ಮಪ್ಪ ಸುಮ್ಮನೆ ಹೇಳುತ್ತಿರಲಿಲ್ಲ.

ದೊಡ್ಡವ್ವನಿಗೆ ಒಂದು ಅಭ್ಯಾಸವಿತ್ತು. ಓಟಿನ ದಿನ ಊರಿಗೆಲ್ಲ ಮೊದಲು ಎದ್ದು ತಲೆಗೆ ನೀರು ಹಾಕಿಕೊಂಡು, ಹಸಿರು ಸೀರೆ ಉಟ್ಟು, ಶಾಲೆಯ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಲ್ಲುತ್ತಿದ್ದಳು. ಜಾತ್ರೆಗೂ ಹೋಗದ ಹೆಂಗಸು! “ಯಾರಿಗೆ ಹಾಕ್ತಿ ದೊಡ್ಡವ್ವ?” ಎಂದು ಚೇಷ್ಟೆ ಮಾಡಿದರೆ, “ಯಾರಿಗರ ಹಾಕ್ತೀನಿ, ನಿನಗ್ಯಾಕ?” ಎನ್ನುತ್ತಿದ್ದಳು. ದೇಶಭಕ್ತಿ ಎಂದುಕೊಂಡಿದ್ದೆ ನಾನು.

ಫೋಟೋ ಇರುವ ಕಾರ್ಡುಗಳು ಹೊಸದಾಗಿ ಬಂದ ಕಾಲ. ಮನೆಮನೆಗೆ ಹೋಗಿ ಹೆಸರು ಕೇಳಿ ಪಟ್ಟಿ ಬರೆಯುವ ಕೆಲಸ ನನಗೆ ಬಿತ್ತು. ನಾನು ಹುಟ್ಟಿ ಬೆಳೆದ ಊರು; ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ನನ್ನನ್ನೇ ಕೇಳಬೇಕು ಜನ. ಶಾಲೆಯ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಚಹಾ ಕುಡಿಯುತ್ತ, ನಮ್ಮ ಓಣಿಯ ಅಷ್ಟೂ ಮನೆಗಳನ್ನು ನೆನಪಿನಿಂದಲೇ ಬರೆದು ಮುಗಿಸಿದೆ. ಹಳೆಯ ಪಟ್ಟಿ ಪಕ್ಕದಲ್ಲೇ ಇತ್ತು, ತೆರೆದು ನೋಡಲಿಲ್ಲ. ದೊಡ್ಡವ್ವನ ಸಾಲಿಗೆ ಬಂದಾಗ ಕೈ ತಡೆಯಲೇ ಇಲ್ಲ. ಮೊಗಲಾಯಮ್ಮ ಎಂದು ಬರೆದೆ. ಕೊನೆಗೆ ‘ಅಮ್ಮ’ ಸೇರಿಸಿದ್ದು ಗೌರವಕ್ಕೆ.

ಕಾರ್ಡು ಬಂದಾಗ ಅವಳಿಗೆ ಸಂಭ್ರಮ. ಓದಲು ಬಾರದವಳು, ತನ್ನ ಫೋಟೋ ನೋಡಿಕೊಂಡು ಎಲೆಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಓಟಿನ ದಿನ ಎಂದಿನಂತೆ ಹಸಿರು ಸೀರೆ ಉಟ್ಟು ಹೋದಳು. ನನಗೆ ಅಂದು ಬೇರೆ ಊರಿನಲ್ಲಿ ಚುನಾವಣೆಯ ಕೆಲಸ. ಮರುದಿನ ಬಂದು ನೋಡಿದರೆ ದೊಡ್ಡವ್ವ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು.

“ತಮ್ಮಾ, ಈ ಸಲ ಸಾಲ್ಯಾಗ ಪಟ್ಟಿ ಹಿಡದು ಕುಂತಾವ ಬ್ಯಾರೇನ ಓದಿದ.”

“ಏನ್ ಓದಿದ?”

“ಮೊಗಲಾಯಮ್ಮ ಅಂದ. ಪಾರ್ಟಿ ಏಜೆಂಟ್ ಹುಡುಗ್ರು ಕಿಸಕ್ಕಂತ ನಕ್ರು.”

“ಮತ್ತ ಅದ ಅಲ್ಲೇನು ನಿನ್ನ ಹೆಸರು?”

ಅವಳು ನನ್ನ ಮುಖವನ್ನೇ ನೋಡಿದಳು. ಮೂವತ್ತು ದಾಟಿದ ಮಗ, ಅವಳ ಕೈಯ ರೊಟ್ಟಿ ತಿಂದು ಬೆಳೆದವನು ಈ ಮಾತು ಕೇಳುತ್ತಿದ್ದಾನೆ.

“ನನ್ನ ಹೆಸರು ಹುಲಿಗೆಮ್ಮ ಅಲ್ಲೇನೋ. ನಿಮ್ಮಜ್ಜಿ ಹೆಸರೂ ಅದ ಆತು. ಅತ್ತಿ ಹೆಸರು ಹಿಡದು ಸೊಸಿನ್ನ ಬೈಯಾಕ ಬರ್ತೈತೇನು? ಬಂದ ದಿನಾನ ತಗದು ಇಟ್ರು. ನಿಮ್ಮ ದೊಡ್ಡಪ್ಪಂತೂ ಹೆಸರು ಹಿಡಿಯಾಂಗಿಲ್ಲ. ತವರ್‍ಯಾಗ ಕರೆಯೋರು ಯಾರೂ ಉಳೀಲಿಲ್ಲ. ಓಟ್ ಬಂದಾಗೊಮ್ಮಿ, ಪರ ಊರಾಂವ ಯಾವನೋ ಆ ಸಾಲ್ಯಾಗ ಕುಂತು ನನ್ನ ಹೆಸರು ಜೋರಾಗಿ ಓದತಿದ್ದ. ಮೊದ್ಲನೇ ಸಲ ಓದಿದಾಗ ನಾ ಹಿಂದ ತಿರುಗಿ ನೋಡಿದ್ದೆ, ಅತ್ತಿ ಬಂದಾಳ ಅಂತ. ಆ ಮ್ಯಾಲ ಗೊತ್ತಾತು, ನಾನ ಅಂತ.”

ದೊಡ್ಡವ್ವ ಸಂಚಿಯಿಂದ ಕಾರ್ಡು ತೆಗೆದು ನನ್ನ ಕೈಗಿಟ್ಟಳು. “ನೀನ ಬರದೀ ಅಂತಲ್ಲ. ನೀನ ಸರಿ ಮಾಡ್ಸಿಕೊಂಡು ಬಾ” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಸರಿ ಮಾಡಿಸುವುದು ಎಷ್ಟರ ಕೆಲಸ? ಒಂದು ಅರ್ಜಿ, ಒಂದು ಸಹಿ, ಹಡಗಲಿಗೆ ಒಂದು ಸಲ ಹೋಗಿಬರುವುದು. ಅಷ್ಟರಲ್ಲಿ ನನಗೆ ಹರಪನಹಳ್ಳಿಗೆ ವರ್ಗವಾಯಿತು. ಮನೆ ಕಟ್ಟುವ ಗಡಿಬಿಡಿ. ಈ ಊರು ದಾವಣಗೆರೆ ಜಿಲ್ಲೆಗೆ ಸೇರಿದಾಗ ನನಗೊಂದು ಒಳ್ಳೆಯ ನೆಪವೂ ಸಿಕ್ಕಿತು. ಅದು ಬಳ್ಳಾರಿ ಜಿಲ್ಲೆಯ ಕೆಲಸ, ನಾನು ಈಗ ಬೇರೆ ಜಿಲ್ಲೆಯವನು. ಎರಡು ತಾಸಿನ ಬಸ್ಸಿನ ದಾರಿಯನ್ನು ನಾನು ಪರದೇಶ ಮಾಡಿಕೊಂಡೆ. ಕಾರ್ಡು ಟ್ರಂಕು ಸೇರಿತು.

ಮುಂದಿನ ಓಟಿಗೆ ದೊಡ್ಡವ್ವ ಹೋಗಲಿಲ್ಲವೆಂದು ಚಿಕ್ಕಪ್ಪನ ಮಗ ಆಮೇಲೆ ಹೇಳಿದ. ಕಾರ್ಡು ಇಲ್ಲದಿದ್ದರೂ ಓಟಿನ ಚೀಟಿ ಸಾಕು, ಬಾ ಎಂದು ಕರೆದರಂತೆ. ಹಸಿರು ಸೀರೆ ಉಟ್ಟುಕೊಂಡೇ ಕಟ್ಟೆಯ ಮೇಲೆ ಕೂತು, “ಕಾರ್ಡು ತಮ್ಮನ ಹತ್ರ ಐತಿ, ತರ್ತಾನ” ಎಂದಳಂತೆ. ಓಟು ಮುಗಿದು ಪೆಟ್ಟಿಗೆ ಜೀಪಿಗೆ ಏರಿಸುವ ತನಕ ಕೂತಿದ್ದಳಂತೆ.

ಆ ಚಳಿಗಾಲ ಅವಳು ತೀರಿಕೊಂಡಳು. ದಿನಕರ್ಮದ ಕಾರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಮೊಗಲಾಯಮ್ಮ ಎಂದು ಅಚ್ಚಾಗಿತ್ತು. “ಓಟಿನ ಪಟ್ಟಿ ನೋಡೇ ಬರಸೀವಿ ಅಣ್ಣಾ, ತಪ್ಪಾಗಬಾರದಂತ” ಎಂದ ಚಿಕ್ಕಪ್ಪನ ಮಗ. ನಾನು ಆಗಲೂ ಬಾಯಿ ಬಿಡಲಿಲ್ಲ. ಎಲೆಯ ಮುಂದೆ ಕೂತು ಊಟ ಮಾಡಿದೆ.

ಈಗ ನನ್ನ ಪಾಳಿ. ಹರಪನಹಳ್ಳಿಯಲ್ಲಿ ನಾನು ಮಾಗಳದ ಸರ್. ಮಾಗಳಕ್ಕೆ ಹೋದರೆ “ಹರಪನಹಳ್ಳಿಯವರು ಬಂದ್ರು” ಎನ್ನುತ್ತಾರೆ. ಹೆಂಡತಿ ನನ್ನ ಹೆಸರು ಹೇಳುತ್ತಿರಲಿಲ್ಲ, ಆದರೆ ಅವಳು “ಏನ್ರಿ” ಎಂದರೆ ಅದು ನನಗೇ ಎಂದು ಗೊತ್ತಿತ್ತು. ಈಗ ದಿನಗಟ್ಟಲೆ ಯಾರೂ ಏನೂ ಕರೆಯುವುದಿಲ್ಲ. ಕುಕ್ಕರು ಕೂಗುತ್ತದೆ, ಅಷ್ಟೇ. ಒಂಟಿತನ ಎಂದರೆ ಜನ ಇಲ್ಲದಿರುವುದು ಎಂದುಕೊಂಡಿದ್ದೆ. ಮನೆ ತುಂಬ ಜನರ ನಡುವೆ ದೊಡ್ಡವ್ವ ಐವತ್ತು ವರ್ಷಕ್ಕೂ ಮೇಲೆ ಹೀಗಿದ್ದಳಲ್ಲ ಎಂದು ಟ್ರಂಕಿನ ಮುಂದೆ ಕೂತು ಅತ್ತೆ. ಅರವತ್ತು ದಾಟಿದ ಮೇಷ್ಟ್ರು ಅಳುವುದು ಚೆನ್ನಾಗಿ ಕಾಣುವುದಿಲ್ಲ, ನೋಡುವವರು ಇರಲಿಲ್ಲವಾದ್ದರಿಂದ ನಡೆಯಿತು.

ಅದೇ ದಿನ ಮಧ್ಯಾಹ್ನ ಕಾಗದಗಳನ್ನೆಲ್ಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಆನ್‌ಲೈನ್ ಸೆಂಟರಿಗೆ ಹೋದೆ. ಅಲ್ಲಿ ಹೆಸರು, ಊರು ಬರೆದ ಚೀಟಿಯನ್ನು ತಟ್ಟೆಯಲ್ಲಿ ಹಾಕಿ ಕಾಯಬೇಕು, ಕಂಪ್ಯೂಟರ್ ಮುಂದಿನ ಹುಡುಗಿ ಒಂದೊಂದೇ ಚೀಟಿ ಎತ್ತಿ ಕೂಗುತ್ತಾಳೆ. ನನ್ನ ಪಾಳಿ ಬಂತು. ಕಾಗದಗಳಲ್ಲಿ ಜಿಲ್ಲೆ ಬದಲಿಸುವ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಜೇಬಿನಿಂದ ದೊಡ್ಡವ್ವನ ಕಾರ್ಡು ತೆಗೆದು, ಇದರಲ್ಲಿ ಹೆಸರು ತಪ್ಪಾಗಿದೆ, ತಿದ್ದಬಹುದೇ ಎಂದು ಕೇಳಿದೆ.

“ಸರಿ ಹೆಸರು ಬರೆದುಕೊಡ್ರಿ ಸರ್.”

ಒಂದು ಚೀಟಿಯ ಮೇಲೆ ಹೆಸರು, ಊರು ಬರೆದುಕೊಟ್ಟೆ. ಅವಳು ಏನೇನೋ ಒತ್ತಿ ನೋಡಿದಳು. “ಇವರು ಇದಾರಾ ಸರ್?”

“ಇಲ್ಲಮ್ಮ. ತೀರಿಕೊಂಡು ಬಹಳ ವರ್ಷ ಆಯ್ತು.”

“ತೀರಿಕೊಂಡೋರ ಹೆಸರು ತಿದ್ದಕ್ಕೆ ಬರಲ್ಲ ಸರ್. ತೆಗೆಯಕ್ಕೆ ಮಾತ್ರ ಬರುತ್ತೆ. ಇವರದು ಯಾವಾಗೋ ತೆಗೆದಿದಾರೆ.”

ಆಗಲಿ ಎಂದು ಮೂಲೆಯ ಬೆಂಚಿಗೆ ಬಂದು ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದೆ. ಹುಡುಗಿ ಅಷ್ಟರಲ್ಲಿ ಒಂದು ಫೋನು ಮುಗಿಸಿ, ತಟ್ಟೆಗೆ ಕೈ ಹಾಕಿ ಮೇಲಿದ್ದ ಚೀಟಿ ಎತ್ತಿದಳು. ನಾನು ಬರೆದದ್ದೂ ಅದೇ ತಟ್ಟೆಯಲ್ಲಿ ಬಿದ್ದಿತ್ತು. ಫ್ಯಾನಿನ ಸದ್ದು, ಹೊರಗೆ ಬಸ್ಸುಗಳ ಸದ್ದು. ಅವಳು ಅವನ್ನೆಲ್ಲ ಮೀರಿಸಿ ಕೂಗಿದಳು.

“ಹುಲಿಗೆಮ್ಮ! ಮಾಗಳದ ಹುಲಿಗೆಮ್ಮ ಯಾರ್ರಿ? ಮುಂದೆ ಬರ್ರಿ.”

ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನೂ ತಿರುಗಿ ನೋಡಿದೆ. ಬಾಗಿಲಲ್ಲಿ ನಿಂತಿದ್ದ ಒಬ್ಬ ಅಜ್ಜಿ, ಯಾರೋ ಬರುತ್ತಾರೆಂದು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಹುಲಿಗೆಮ್ಮ ಅನ್ನೋರು ಇದಾರಾ, ಇಲ್ವಾ?” ಹುಡುಗಿ ಮತ್ತೆ ಕೇಳಿದಳು.

“ಅದಾರವ್ವ,” ಎಂದೆ. “ಇನ್ನೊಂದ್ ಸಲ ಕರಿ.”