ಭಾಗವ್ವನ ಅರಿಷಿಣ, ಡಾಕ್ಟರ ಕಬ್ಬಿಣ

ಚಿಮ್ಮಡದ ಭಾಗವ್ವನಿಗೆ ಈ ಲೋಕದಲ್ಲಿ ಒಂದೇ ವೈರಿ: ಕಬ್ಬು. ಅವಳದು ಎರಡೆಕರೆ ಅರಿಷಿಣ, ಬದುವಿನಾಚೆ ಮೈದುನ ಶಿದ್ರಾಮಪ್ಪನ ಕಬ್ಬು. ಕಾಲುವೆಗೆ ನೀರು ಬಂದ ದಿನ ಕಬ್ಬು ಹೊಟ್ಟೆ ತುಂಬ ಕುಡಿದು ಉಳಿದದ್ದು ಅರಿಷಿಣಕ್ಕೆ. ಕಬ್ಬಿಗೆ ಅವಳು ಇಟ್ಟ ಹೆಸರು "ಕುಡುಕ ಬೆಳಿ". ಅರಿಷಿಣ ಕುದಿಸಿ, ಒಣಗಿಸಿ, ತಿಕ್ಕಿ ತಿಕ್ಕಿ ಅವಳ ಅಂಗೈಗಳು ಯಾವ ಸೋಪಿಗೂ ಬಗ್ಗದ ಹಳದಿಯಾಗಿದ್ದವು.

ಮೊಮ್ಮಗಳು ಮಧುಮತಿಗೆ ಹುಟ್ಟಿನಿಂದ ಥಲಸ್ಸೀಮಿಯಾ. ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟದ ಕಾಯಿಲೆ. ತಿಂಗಳಿಗೊಮ್ಮೆ ಬಾಗಲಕೋಟೆಗೆ ಹೋಗಿ ರಕ್ತ ಏರಿಸಿಕೊಂಡು ಬರಬೇಕು. ಮಗ ಕಲ್ಮೇಶ ಜಮಖಂಡಿಯಲ್ಲಿ ನೌಕರ, ಸೊಸೆ ಶಾಲೆಯಲ್ಲಿ ಟೀಚರು. ಹೀಗಾಗಿ ಹುಡುಗಿಯ ಕೈ ಹಿಡಿದು ಬಸ್ಸು ಹತ್ತುವವಳು ಭಾಗವ್ವನೇ.

೨೦೧೧ರ ಶ್ರಾವಣದಲ್ಲಿ ಆಸ್ಪತ್ರೆಗೆ ಹೊಸ ಡಾಕ್ಟರು ಬಂದರು. ಮೈಸೂರು ಕಡೆಯ ಹೆಣ್ಣುಮಗಳು, ಮಾತು ಪಟಪಟ.

"ಮಗು ಮೈಯಲ್ಲಿ ಕಬ್ಬಿಣದಂಶ ಜಾಸ್ತಿಯಾಗಿದೆ. ಹಾಗೇ ಬಿಟ್ಟರೆ ಹೃದಯಕ್ಕೆ ಅಪಾಯ. ದಿನಾ ಈ ಮಾತ್ರೆ ನೀರಲ್ಲಿ ಕಲಸಿ ಕುಡಿಸಿ." ಅಷ್ಟರಲ್ಲಿ ಭಾಗವ್ವನ ಅಂಗೈ ಕಂಡು ನಕ್ಕರು. "ಅರಿಶಿನ ಬೆಳೀತೀರಾ? ಅದರ ಹಳದಿಯಲ್ಲಿರೋ ಒಂದು ವಸ್ತು ಇದನ್ನ ಹಿಡಿದುಕೊಳ್ಳುತ್ತಂತೆ. ಇಲಿಗಳ ಮೇಲೆ ಪರೀಕ್ಷೆ ನಡೀತಿದೆ."

ಚಿಮ್ಮಡದ ಬಾಯಲ್ಲಿ ಕಬ್ಬಿಣವೆಂದರೆ 'ಕಬ್ಣ'. ಆ ಪಟಪಟದಲ್ಲಿ ಭಾಗವ್ವನಿಗೆ ಕೇಳಿಸಿದ್ದು 'ಕಬ್ಬಿನಂಶ'. ಇಲಿಗಳ ಮಾತಂತೂ ಕಿವಿಗೆ ಬೀಳಲೇ ಇಲ್ಲ. ಕಬ್ಬು ವಿಷ, ಅರಿಷಿಣ ಅಮೃತ! ನಲವತ್ತು ವರ್ಷದಿಂದ ತಾನು ಹೇಳುತ್ತಿದ್ದುದನ್ನೇ ಓದಿದವರೂ ಹೇಳಿದ ಮೇಲೆ ಕೇಳಬೇಕೇ?

ಊರಿಗೆ ಬಂದವಳೇ ಮೈದುನನ ಅಂಗಳದಲ್ಲಿ ನಿಂತಳು. "ಕೇಳಿದೇನೋ ಶಿದ್ರಾಮಪ್ಪಾ? ನಿನ್ನ ಕಬ್ಬು ಕೂಸಿನ ಎದಿಗೆ ಹತ್ತೈತಂತ!"

"ವೈನಿ, ಬೆಲ್ಲ ತಿಂದು ಸತ್ತವರನ್ನ ನಾ ಕಂಡಿಲ್ರೀ" ಎಂದ ಅವನು, ಪಾಪ.

ಮನೆಯಿಂದ ಬೆಲ್ಲದ ಪೆಂಟಿ ಹೊರಬಿತ್ತು. ಹೊತ್ತುಹೊತ್ತಿಗೆ ಅರಿಷಿಣದ ಹಾಲು ಬಂತು. ಮಾತ್ರೆ ಕುಡಿಯುವಾಗ ಹುಡುಗಿ ಮುಖ ಕಿವುಚುವುದನ್ನು ನೋಡಲಾರದೆ, "ಮನ್ಯಾಗ ಔಷಧ ಇರೂವಾಗ ಇದ್ಯಾಕ?" ಎಂದು ಮಾತ್ರೆಗಳನ್ನೇ ಡಬ್ಬಿಯಲ್ಲಿ ಮುಚ್ಚಿಟ್ಟಳು. ಮಗ ಸೊಸೆಗೆ ಹೇಳುವ ಗೋಜಿಗೂ ಹೋಗಲಿಲ್ಲ.

ಮೂರು ತಿಂಗಳಿಗೆ ರಿಪೋರ್ಟಿನಲ್ಲಿ ಕಬ್ಬಿಣದ ಅಂಕಿ ಇಳಿಯುವ ಬದಲು ಏರಿತ್ತು.

"ಮಾತ್ರೆ ಕೊಡ್ತಿದ್ದೀರಾ?" ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಬೆಲ್ಲಾ ಬಿಡಿಸೇನ್ರೀ ಬಾಯಾರ, ಸಕ್ರೀನೂ ಬಿಡಿಸೇನಿ. ಕಬ್ಬಿನ ಸೋಂಕ ಇಲ್ಲ!"

"ಕಬ್ಬಾ?" ಎಂದರು ಡಾಕ್ಟರು. ಆಮೇಲೆ ಮಂಚದ ಸರಳನ್ನು ಪೆನ್ನಿನಿಂದ ಠಣ್ ಎಂದು ಬಾರಿಸಿದರು. "ಕಬ್ಬಲ್ಲ ಅಜ್ಜಿ, ಇದು! ಏರಿಸೋ ರಕ್ತದ ಜೊತೆ ಇದೇ ಒಳಗೆ ಸೇರ್ತಾ ಹೋಗುತ್ತೆ."

ತನ್ನ ಹಟ ಕೂಸಿನ ಎದೆಗೇ ಬಡಿಯಿತಲ್ಲ ಎಂದು ಭಾಗವ್ವ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಮತ್ತ ಅರಿಷಿಣ?" ಎಂದಳು ಸಣ್ಣ ದನಿಯಲ್ಲಿ.

"ಅದು ಸುಳ್ಳಲ್ಲ. ಆದರೆ ಇನ್ನೂ ಔಷಧಿ ಆಗಿಲ್ಲ. ಆಗಬಹುದು, ಆಗದೇನೂ ಇರಬಹುದು. ತಿಳಿಯೋಕೆ ವರ್ಷಗಟ್ಟಲೆ ಬೇಕು. ಅಲ್ಲೀತನಕ ಮಾತ್ರೆ ಬಿಡೋ ಹಾಗಿಲ್ಲ."

ಇದು ಅವಳಿಗೆ ಚೆನ್ನಾಗಿ ತಿಳಿಯುವ ಮಾತು. "ಖರೆ ಐತ್ರಿ. ಒಂಬತ್ತು ತಿಂಗಳ ನೆಲದಾಗ ಬಲೀಬೇಕ್ರಿ ಅದು. ಅವಸರಕ್ಕ ಕಿತ್ತರ ಬರೇ ಬೇರು ಕೈಗೆ ಬರತೈತಿ."

ಮರಳುವ ಬಸ್ಸಿನಲ್ಲಿ ಅವಳ ಕಣ್ಣೀರು ನಿಲ್ಲಲಿಲ್ಲ. ಹನ್ನೊಂದು ವರ್ಷದ ಮಧುಮತಿ ಅವಳ ಸೆರಗು ಜಗ್ಗಿ, "ಆಯಿ, ಅದು ಕಬ್ಣ ಅಂತ ನನಗ ಗೊತ್ತಿತ್ತ" ಎಂದಳು. "ರಕ್ತದಾಗ ಕಬ್ಣ ಇರತೈತಿ ಅಂತ ನಮ್ಮ ಪುಸ್ತಕದಾಗ ಬರದಾರ."

"ಮತ್ತ್ಯಾಕ ಬಾಯಿ ಬಿಡಲಿಲ್ಲ ಬೇ?"

"ಗುಳಿಗಿ ಕುಡದ್ರ ವಾಂತಿ ಬಂದಂಗ ಆಕ್ಕಿತ್ತ. ಮತ್ತ... ನೀ ಶಿದ್ರಾಮಪ್ಪ ಮುತ್ಯಾನ ಮ್ಯಾಲೆ ಗೆದ್ದೇನಿ ಅಂತ ಎಷ್ಟು ಖುಷಿಯಾಗಿದ್ದಿ!"

ಭಾಗವ್ವ ಅಳುತ್ತಲೇ ನಕ್ಕುಬಿಟ್ಟಳು. "ನಾ ಸೋತರ ಏನಾತು ನನ್ನವ್ವಾ. ನೀ ಇರಬೇಕು."

ಮನೆ ಮುಟ್ಟಿದವಳು ಕಾಲಿಗೆ ನೀರೂ ಹಾಕಿಕೊಳ್ಳದೆ ಮಾತ್ರೆ ಕಲಸಿ ತಂದಳು. ಹುಡುಗಿ ಮೂಗು ಹಿಡಿದುಕೊಂಡಳು. ಭಾಗವ್ವನೂ ತನ್ನ ಮೂಗು ಹಿಡಿದುಕೊಂಡು, ಲೋಟ ಬರಿದಾಗುವ ತನಕ ಉಸಿರು ಬಿಡಲಿಲ್ಲ.