ಎಡೆ ಮುಂದಿನ ಪರದೆ

ಬೆಳಿಗ್ಗೆ ಕೊರಿಯರಿನವನು ಪರದೆ ಬಟ್ಟೆಯ ಬಂಡಲೊಂದನ್ನು ಅಂಗಡಿ ಮೆಟ್ಟಿಲ ಮೇಲೆ ಇಳಿಸಿ ಹೋದ. ಪ್ಲಾಸ್ಟಿಕ್ಕು ಹರಿದದ್ದೇ ತಡ, ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಗೊತ್ತಿರಬೇಕು ಆ ವಾಸನೆ, ಹಬ್ಬದ ಹಿಂದಿನ ದಿನ ಬಟ್ಟೆ ಅಂಗಡಿಯ ಕವರು ಬಿಚ್ಚಿದಾಗ ಬರುತ್ತದಲ್ಲ, ಅದೇ. ಈ ಬಟ್ಟೆ ಮಳವಳ್ಳಿಯ ಒಂದು ಮನೆಗೆ ಹೋಗಬೇಕು. ಮಳವಳ್ಳಿಯಲ್ಲೇ ಈಗ ಶಮೀಮ್ ಇದ್ದಾಳೆ. ಅವಳನ್ನು ಈ ಕೆಲಸಕ್ಕೆ ಕರೆಯಲೋ ಬೇಡವೋ ಎಂದು ತೀರ್ಮಾನಿಸಲಾಗದೆ ಬಂಡಲಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಕಾಫಿ ಆರಿಹೋಯಿತು.

ಮದ್ದೂರಿನ ಈ ಅಂಗಡಿಯನ್ನು ನಾನೂ ಶಮೀಮೂ ಸೇರಿ ಶುರು ಮಾಡಿದ್ದು. ಅಂಗಡಿ ಅಂದರೆ ಆಗ ನಮ್ಮ ಯಜಮಾನರು ಸ್ಕೂಟರ್ ನಿಲ್ಲಿಸುತ್ತಿದ್ದ ಜಾಗ. ಎದುರು ಮನೆಯ ಶಮೀಮ್ ರವಿಕೆ ಹೊಲಿಯುತ್ತಿದ್ದಳು. ನನಗೋ ಕಂಡವರ ಮನೆಯ ಸೋಫಾವನ್ನು ಮನಸ್ಸಿನಲ್ಲೇ ಬೇರೆ ಗೋಡೆಗೆ ಸರಿಸುವ ಚಟ. ನೆಂಟರ ಮನೆಗೆ ತಿಥಿಗೆ ಹೋದರೂ ಕಣ್ಣು ಕಿಟಕಿ ಪರದೆಯ ಮೇಲೇ. ಇದನ್ನೇ ಕಸುಬು ಮಾಡಿಕೊಳ್ಳುತ್ತೇವೆ ಅಂದಾಗ ಯಜಮಾನರು, "ಮೊದ್ಲು ನಮ್ಮನೆ ಅಟ್ಟ ಸರಿಮಾಡು, ಆಮೇಲೆ ಊರೋರ ಮನೆ ನೋಡೀವಂತೆ" ಅಂದರು. ಅಂದರೂ ಸ್ಕೂಟರನ್ನು ಬೀದಿಗೆ ಇಳಿಸಿದರು. 'ಇಂಟೀರಿಯರ್ ಡೆಕೊರೇಶನ್' ಅಂತ ದೊಡ್ಡದಾಗಿ ಬೋರ್ಡು ಬರೆಸಿದೆವು. ಬಂದವರೆಲ್ಲ ಸೊಳ್ಳೆಪರದೆ ಕೇಳಿದರು. ಒಬ್ಬರು ಹರಿದ ಕೊಡೆ ತಂದರು. ಶಮೀಮ್ ಅದನ್ನೂ ಹೊಲಿದುಕೊಟ್ಟಳು.

ಕೆಲಸ ಸಿಕ್ಕಿದ ಮೇಲೂ ಓಡಾಟವೆಲ್ಲ ಬಸ್ಸಿನಲ್ಲೇ. ಪರದೆ ಕಂಬಿಗಳನ್ನು ಹಿಡಿದು ಹತ್ತಿದರೆ ಕಂಡಕ್ಟರು, "ಕಂಬಿಗೂ ಟಿಕೆಟ್ ತಗೋಬೇಕು ಕಣಮ್ಮ" ಅನ್ನುವವನು. ಶಮೀಮ್ ಬಿಡುತ್ತಿರಲಿಲ್ಲ. "ತಗೋತೀವಿ, ಅದ್ಕೂ ಒಂದು ಸೀಟು ಬುಡಿಸಿಕೊಡಪ್ಪ" ಅನ್ನುವಳು. ಬಸ್ಸೆಲ್ಲ ನಗುತ್ತಿತ್ತು. ನಾನು ಮಾತ್ರ ಕಂಬಿ ಯಾರ ತಲೆಗೆ ತಾಗುತ್ತದೋ ಎಂಬ ಚಿಂತೆಯಲ್ಲಿ ನಗುವುದನ್ನೇ ಮರೆಯುತ್ತಿದ್ದೆ.

ನಮ್ಮ ಮೊದಲ ದೊಡ್ಡ ಕೆಲಸ ಕೊತ್ತತ್ತಿಯಲ್ಲಿ. ಆ ಮನೆಯ ಸೊಸೆ ಸುಧಾಗೆ ಎಲ್ಲ 'ಓಪನ್' ಆಗಿರಬೇಕು. ಹಾಲಿಗೂ ನಡುಮನೆಗೂ ಮಧ್ಯೆ ಇದ್ದ ಬಾಗಿಲು ಕೀಳಿಸಿ ಕಮಾನು ಮಾಡಿಸಿದೆವು. ಅತ್ತೆ ನಾಗಮ್ಮ ಆಗ ಮಗಳ ಬಾಣಂತನಕ್ಕೆ ಕಿರುಗಾವಲಿಗೆ ಹೋಗಿದ್ದರು. ಬಂದದ್ದು ಪಿತೃಪಕ್ಷದ ಹಬ್ಬದ ಹಿಂದಿನ ಸಂಜೆ. ಮರುದಿನ ಬೆಳಗಾಗುತ್ತಲೇ ಸುಧಾಳಿಂದ ಫೋನು: "ಅಕ್ಕಾ, ಬೇಗ ಬನ್ನಿ, ಅತ್ತೆ ಒಲೆ ಹಚ್ಚೋಕೇ ಬಿಡ್ತಿಲ್ಲ."

ಹೋದೆವು. ನಾಗಮ್ಮ ಕಮಾನಿನ ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. "ಅಲ್ಲಾ ಕಣ್ರವ್ವಾ, ಇರೀಕ್ರಿಗೆ ಎಡೆ ಇಕ್ಕುಬುಟ್ಟು ಬಾಗ್ಲು ಆಕ್ಬೇಡ್ವಾ? ಇಂಗೆ ಬಟಾಬಯಲು ಮಾಡ್ಬುಟ್ರೆ ಅವ್ರು ಎಂಗೆ ಉಂಡಾರು? ನಾಚ್ಕೊಂಡು ವಾಪಸ್ ಓಯ್ತಾರೆ!"

"ಮುಂಬಾಗ್ಲು ಹಾಕಿದ್ರಾಯ್ತಲ್ಲತ್ತೆ" ಅಂದಳು ಸುಧಾ.

"ಬಂದಿರೋ ನೆಂಟ್ರನ್ನ ಬೀದೀಲಿ ನಿಲ್ಸಿಯಾ?"

ಆಮೇಲೆ ನಮ್ಮ ಕಡೆ ತಿರುಗಿದರು. "ಶಮೀಮಮ್ಮಂಗೆ ಗೊತ್ತಿಲ್ಲ, ಬುಡು. ನಿಂಗೇನಾಗಿತ್ತವ್ವ? ನಿಮ್ಮನೇಲಿ ಎಡೆ ಇಕ್ಕಾಕಿಲ್ವಾ?"

ಇಕ್ಕುತ್ತೇವೆ. ಎಲೆ ತುಂಬ ಬಡಿಸಿ, ಹೊಸ ಬಟ್ಟೆ ಇಟ್ಟು, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ, ಹೊರಗೆ ಉಸಿರು ಬಿಗಿಹಿಡಿದು ಕಾಯುತ್ತೇವೆ. ಆದರೆ ಕಮಾನಿನ ಅಂದ ನೋಡುತ್ತಾ ನಿಂತವಳಿಗೆ ಅಜ್ಜ ಅಜ್ಜಿಯರ ಊಟ ಎಲ್ಲಿ ನೆನಪಾಗಬೇಕು?

ಶಮೀಮ್ ಕಮಾನಿನ ಅಗಲ ಅಳೆದಳು. ಸೋಫಾಕ್ಕೆಂದು ತಂದಿದ್ದ ದಪ್ಪ ಕೆಂಪು ಬಟ್ಟೆಯನ್ನು ಎರಡು ಪದರ ಮಾಡಿ, ಸುಧಾಳ ಮಿಷನ್ನಿನಲ್ಲೇ ಹೊಲಿಯಲು ಕೂತಳು. ಅಂಗಳದಿಂದ ಸಣ್ಣ ಕಲ್ಲು ಆರಿಸಿ ತರಲು ನನ್ನನ್ನು ಅಟ್ಟಿದಳು. ಗಾಳಿಗೆ ಪರದೆ ಏಳಬಾರದಂತೆ, ಕಲ್ಲುಗಳನ್ನು ಕೆಳಗಿನ ಅಂಚಿನೊಳಗೆ ಸೇರಿಸಿ ಹೊಲಿದಳು. ಮಧ್ಯಾಹ್ನ ಎಡೆ ಇಕ್ಕಿ ಪರದೆ ಎಳೆದಾಗ ಹಾಲಿನ ತುಂಬ ನೆಂಟರು, ಒಬ್ಬರೂ ಮಿಸುಕಲಿಲ್ಲ. ಒಳಗಿಂದ ಧೂಪದ ವಾಸನೆ, ವಡೆ ವಾಸನೆ. ನಾನು ಏನೋ ಹೇಳಹೋದರೆ ತಲೆ ಮೇಲೆ ಸೆರಗು ಹೊದ್ದಿದ್ದ ಶಮೀಮ್ ನನ್ನ ಮೊಣಕೈ ತಿವಿದಳು. "ಸುಮ್ನಿರೇ, ಉಣ್ತಾ ಅವ್ರೆ."

ಸ್ವಲ್ಪ ಹೊತ್ತಿಗೆ ನಾಗಮ್ಮ ಕೆಮ್ಮಿ, ಪರದೆ ಸರಿಸಿ ಒಳಗೆ ಹೋದರು. ಮೊದಲ ವಡೆ ಬಂದದ್ದು ಶಮೀಮಳ ಕೈಗೆ. ಅಲ್ಲಿಂದ ಮುಂದೆ ಯಾವ ಮನೆಗೆ ಹೋದರೂ ಗೋಡೆ ಅಳೆಯುವ ಮೊದಲೇ ಅವಳು, "ಎಡೆ ಎಲ್ಲಿ ಇಕ್ತೀರಾ?" ಅಂತ ಕೇಳುತ್ತಿದ್ದಳು. ಅವಳೇ ಕೇಳಬೇಕು. ನಾನು ಬಾಯಿ ತೆಗೆದರೆ, "ನೀನು ಮರ್ತವ್ಳು, ಕೂತ್ಕೋ" ಅನ್ನುವಳು.

ಆಮೇಲೆ ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಬಂತು. ಒಂದು ದಿನ ಹೊಲಿಯುತ್ತಿದ್ದವಳು ನಿಲ್ಲಿಸಿ, "ದಾರ ಯಾವ್ದು ಬಟ್ಟೆ ಯಾವ್ದು ತಿಳೀತಿಲ್ಲ ಕಣೇ" ಅಂದಳು. ಮಿಷನ್ನಿಗೆ ಕವರು ಹೊದಿಸಿದಳು. ಮಳವಳ್ಳಿಯ ಮಗಳ ಮನೆಗೆ ಹೋದಳು.

ಈಗ ನಾನೇ ಕತ್ತರಿಸಿ, ಹೊಲಿಗೆ ಹೊರಗೆ ಕೊಡುತ್ತೇನೆ. ಚೆನ್ನಾಗಿಯೇ ಹೊಲಿದುಕೊಡುತ್ತಾರೆ, ತಪ್ಪು ಹೇಳುವಂತಿಲ್ಲ. ಆದರೆ ನಾನು ಆರಿಸಿದ ಬಣ್ಣ ನೋಡಿ "ಥೂ" ಅನ್ನುವವರಿಲ್ಲ. ಎಲ್ಲರೂ "ಆಯ್ತು ಮೇಡಂ" ಅನ್ನುತ್ತಾರೆ. ಇಡೀ ದಿನ ಆಯ್ತು ಅನ್ನಿಸಿಕೊಂಡು ಮನೆಗೆ ಹೋದರೆ ಅನ್ನ ಸೇರುವುದಿಲ್ಲ. ಶಮೀಮಳಿಗೆ ಆಗಾಗ ಫೋನು ಮಾಡುತ್ತೇನೆ. ಮೊಮ್ಮಕ್ಕಳು, ಹುಣಸೆಹಣ್ಣು, ಮಂಡಿನೋವು ಎಲ್ಲ ಮಾತಾಡುತ್ತೇವೆ. ಪರದೆಯ ಸುದ್ದಿ ಮಾತ್ರ ಎತ್ತುವುದಿಲ್ಲ. ಕಾಣದ ಕಣ್ಣಿಗೆ ಬಣ್ಣದ ಮಾತು ಹೇಳಿ ನೋಯಿಸುವುದು ಯಾಕೆ ಅಂತ.

ಇವತ್ತು ಆ ವಾಸನೆ ಸುಮ್ಮನಿರಗೊಡಲಿಲ್ಲ. ಫೋನು ಮಾಡಿ, ಬಟ್ಟೆ ಬಂದಿದೆ, ನಿನ್ನೂರಿನದೇ ಮನೆ, ಅಂದೆ.

ಆ ಕಡೆ ಅವಳು ಮೊಮ್ಮಕ್ಕಳನ್ನು ಗದರಿ ಆಚೆ ಕಳಿಸಿದಳು. ಆಮೇಲೆ, "ಅಂಗ್ಡಿ ಅದಾ ಇನ್ನೂ?" ಅಂದಳು.

"ಇಲ್ದೆ ಎಲ್ಲಿಗ್ಹೋಗುತ್ತೆ?"

"ಒಂದಿನಾನೂ ಪರದೆ ಮಾತೆತ್ತಲಿಲ್ಲ ನೀನು. ಮುಚ್ಚಾಕಿರ್ಬೇಕು, ನಂಗೆ ಬೇಜಾರಾಯ್ತದೆ ಅಂತ ಮುಚ್ಚಿಡ್ತಾವ್ಳೆ ಅನ್ಕಂಡಿದ್ದೆ. ನಾನೂ ಕೇಳ್ನಿಲ್ಲ." ಮೂಗು ಸೊರಗುಟ್ಟಿದ್ದು ಕೇಳಿಸಿತು. "ಯಾವ ಬಣ್ಣ?"

"ಅರಿಶಿನ."

"ಅಡುಗೆ ಅರಿಶಿನಾನೋ, ಮಾಗಿದ ನಿಂಬೆಹಣ್ಣೋ?"

ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದೆ. ಎಷ್ಟು ನೋಡಿದರೂ ಹೇಳಲಾಗಲಿಲ್ಲ. ಎರಡರ ಮಧ್ಯೆ ಅಂದೆ.

"ಥೂ. ನಿಂಗೆ ಕಣ್ಣಿದ್ದೂ ಅಷ್ಟೇಯ. ಬಂಡಲ್ ತಗೊಂಡು ನಾಳಿಕ್ ಬಾ, ಮುಟ್ಟಿ ನೋಡ್ತೀನಿ. ಆ ಮನೆಗೂ ನಾನೇ ಬತ್ತೀನಿ. ಅಲ್ಲೀಗಂಟ ಕತ್ತರಿ ಆಕೀಯಾ, ಜೋಕೆ!"

ಕತ್ತರಿ ಆಗಲೇ ನನ್ನ ಕೈಯಲ್ಲಿತ್ತು. ಸದ್ದಾಗದ ಹಾಗೆ ಮೇಜಿನ ಮೇಲಿಟ್ಟೆ.