ಬರಿತಲೆಯ ಸೈಕಲ್ ಸವಾರಿ

ಗೆಳೆಯರೇ, ಸಂಜೆಯಿಂದ ತಲೆಯ ರುಮಾಲು ಬಿಚ್ಚುತ್ತಿದ್ದೇನೆ, ಸುತ್ತುತ್ತಿದ್ದೇನೆ, ಕೂತಲ್ಲಿ ಕೂರಲಾಗುತ್ತಿಲ್ಲ. ಇವತ್ತು ಹುಬ್ಬಳ್ಳಿಯ ಪೇಟೆಗೆ ನನ್ನ ಮೊದಲ ಸೈಕಲ್ಲು ಕೊಳ್ಳಲು ಹೋಗಿದ್ದೆ.

“ಒಂದ್ ಸುತ್ತು ಹೊಡದು ನೋಡ್ರಿ. ಆದ್ರ ರುಮಾಲು ಇಲ್ಲೇ ಇಟ್ಟು ಹೋಗ್ರಿ, ಹ್ವಾದವ್ರು ಲಗೂ ತಿರುಗಿ ಬರಂಗಿಲ್ಲ” ಎಂದರು ಅಂಗಡಿಯ ಸಾಹೇಬರು.

ಇಟ್ಟು ಹೊರಟೆ. ಸೈಕಲ್ಲು ಗಾಳಿಯಂತೆ ಓಡಿತು. ತಿರುವಿನಲ್ಲಿ ಸೋದರತ್ತೆ ಎದುರಾದಳು. ನಮ್ಮಲ್ಲಿ ಗಂಡಸರು ಬರಿತಲೆಯಲ್ಲಿ ಬೀದಿಗೆ ಬರುವುದು ಮನೆಯಲ್ಲಿ ಸಾವಾದಾಗ ಮಾತ್ರ.

“ಅಯ್ಯೋ ಶಿವನ, ನಮ್ಮಣ್ಣ ಹೋದ್ನಲ್ಲೋ!” ಎಂದು ಎದೆ ಬಡಿದುಕೊಳ್ಳುತ್ತ ನಮ್ಮ ಮನೆಯತ್ತ ಓಡಿದಳು.

ನಾನು ಅಂಗಡಿಗೆ ಸೈಕಲ್ಲು ಮರಳಿಸಿ, ರುಮಾಲು ಬಿಡಿಸಿಕೊಂಡು ಮನೆ ಮುಟ್ಟುವಷ್ಟರಲ್ಲಿ ಓಣಿಯೆಲ್ಲ ಅಲ್ಲಿ ನೆರೆದಿತ್ತು. ನಡುವೆ ಅಪ್ಪ ಕೂತು ಚಹಾ ಕುಡಿಯುತ್ತಿದ್ದರು.

“ನಾ ಇನ್ನೂ ಅದೇನಿ. ಸೈಕಲ್ಲು ನಾ ಹ್ವಾದ ಮ್ಯಾಲೆ ತಗೋ” ಎಂದರು.

ಅಪ್ಪ ನೂರು ವರ್ಷ ಬಾಳಲಿ. ಅಲ್ಲಿಯವರೆಗೆ ನಡೆಯಲು ನನ್ನ ಕಾಲಿಗೂ ದೇವರು ಬಲ ಕೊಡಲಿ.